ಕೊಡೆಯಾನೆಯೂ ಕತ್ತರಿಯೂ: ಮೂರು ಚಿತ್ರಪುಸ್ತಕಗಳು

ಮಕ್ಕಳ ಪದ್ಯಪುಸ್ತಕಕ್ಕೆ ಚಿತ್ರ ಬರೆಯುವವರ ಕೆಲಸ ಬಹುಮಟ್ಟಿಗೆ ಎರಡನೆಯ ದರ್ಜೆಯದಾಗಿಬಿಡುತ್ತದೆ. ಕವಿ ಆನೆ ಎಂದರೆ ಅವರು ಆನೆಯನ್ನು ಬರೆಯಬೇಕು, ಇಲಿ ಎಂದರೆ ಇಲಿಯನ್ನು ಬರೆಯಬೇಕು. ಪದ್ಯ ಒಮ್ಮೆ ಹೇಳಿ ಮುಗಿಸಿದ್ದನ್ನು ಚಿತ್ರ ಪಕ್ಕದಲ್ಲಿ ನಿಂತು ಮತ್ತೊಮ್ಮೆ ಹೇಳುತ್ತದೆ. ಕನ್ನಡದ ಶಿಶುಗೀತೆಗಳ ಸಂಕಲನಗಳನ್ನು ತೆರೆದರೆ ಈ ಮಾತು ಎದ್ದು ಕಾಣುತ್ತದೆ. ಪಂಜೆ ಮಂಗೇಶರಾಯರ ನಾಗರಹಾವು, ಜಿ.ಪಿ. ರಾಜರತ್ನಂ ಅವರ ನಾಯಿಮರಿ ನಮ್ಮ ನಾಲಿಗೆಯ ಮೇಲೆ ಇಂದಿಗೂ ಇವೆ, ಆದರೆ ಅವುಗಳ ಜೊತೆಗೆ ಅಚ್ಚಾಗಿದ್ದ ಚಿತ್ರ ಯಾವುದೆಂದು ಕೇಳಿದರೆ ನೆನಪಿಸಿಕೊಳ್ಳುವವರು ವಿರಳ. ಪದ್ಯವೂ ಚಿತ್ರವೂ ಒಂದೇ ಕಸುಬಿನಿಂದ ಹುಟ್ಟಿದಂತೆ ಕಾಣುವ ಪುಸ್ತಕವೊಂದು ಅಕಸ್ಮಾತ್ತಾಗಿ ನನ್ನ ಕೈಗೆ ಬಂದಾಗ, ಅದನ್ನು ಹಿಂಬಾಲಿಸಿ ಇನ್ನೆರಡನ್ನು ತರಿಸಿಕೊಂಡೆ. ಮೂರೂ ಅಮೆರಿಕದಲ್ಲಿ ಪ್ರಕಟವಾದ ಇಂಗ್ಲಿಷ್ ಪುಸ್ತಕಗಳು. ಮೂರರಲ್ಲಿಯೂ ಪ್ರಾಣಿಗಳ ಮೇಲಿನ ಪದ್ಯಗಳಿವೆ. ಮೂರರ ಚಿತ್ರಗಳೂ ಕಾಗದವನ್ನು ಕತ್ತರಿಸಿ ಅಂಟಿಸುವ ಕಲೆಯಿಂದಲೇ ಬಂದವು. ಆದರೆ ಮೂರರ ಗುಣ ಒಂದೇ ಅಲ್ಲ, ಮೂರನ್ನೂ ಒಂದೇ ಉಸಿರಿನಲ್ಲಿ ಶಿಫಾರಸು ಮಾಡಲಾರೆ.

ಮೊದಲನೆಯದು, ನನ್ನ ಮಟ್ಟಿಗೆ ಮುಖ್ಯವಾದದ್ದು, 2006ರಲ್ಲಿ ಗ್ರೀನ್‌ವಿಲೋ ಪ್ರಕಾಶನದಿಂದ ಬಂದ ‘ಬಿಹೋಲ್ಡ್ ದ ಬೋಲ್ಡ್ ಅಂಬ್ರೆಲಾಫೆಂಟ್’. ಪದ್ಯಗಳು ಜಾಕ್ ಪ್ರೆಲಟ್ಸ್ಕಿ ಅವರವು, ಚಿತ್ರಗಳು ಕ್ಯಾರಿನ್ ಬರ್ಗರ್ ಅವರವು. ಪುಸ್ತಕದ ಹೆಸರಿನಲ್ಲಿಯೇ ಅದರ ಉಪಾಯ ಅಡಗಿದೆ. ಅಂಬ್ರೆಲಾ ಎಂಬ ಪದದ ಬಾಲವನ್ನೂ ಎಲಿಫೆಂಟ್ ಎಂಬ ಪದದ ತಲೆಯನ್ನೂ ಒಂದರ ಮೇಲೊಂದು ಹೊಂದಿಸಿ, ಹೆಚ್ಚಾದದ್ದನ್ನು ಕತ್ತರಿಸಿ ಎಸೆದರೆ ಉಳಿಯುವುದು ಅಂಬ್ರೆಲಾಫೆಂಟ್. ಸೊಂಡಿಲೇ ಕೊಡೆಯಾಗಿರುವ, ಆದ್ದರಿಂದ ಮಳೆಗೂ ಬಿಸಿಲಿಗೂ ಅಳುಕದ ಆನೆ. ಇದೇ ರೀತಿಯಲ್ಲಿ ಗಡಿಯಾರವೂ ಆಕ್ಟೋಪಸ್ಸೂ ಸೇರಿ ಕ್ಲಾಕ್ಟೋಪಸ್, ಕರಿಚಿರತೆಯೂ ತಾಪಮಾಪಕವೂ ಸೇರಿ ಪ್ಯಾಂಥರ್ಮಾಮೀಟರ್, ಅಲಾರಾಂ ಗಡಿಯಾರವೂ ಚಿಪ್ಪುಹಂದಿಯನ್ನು ಹೋಲುವ ಅಮೆರಿಕದ ಆರ್ಮಡಿಲೊ ಎಂಬ ಪ್ರಾಣಿಯೂ ಸೇರಿ ಅಲಾರ್ಮಡಿಲೊ, ಕಪ್ಪೆಯೂ ಬ್ರೆಡ್ಡು ಸುಡುವ ಟೋಸ್ಟರೂ ಸೇರಿ ಟೋಡ್‌ಸ್ಟರ್ ಆಗುತ್ತವೆ. ಬರೆಯುವುದನ್ನು ಬಿಟ್ಟು ಬೇರೆ ಕಸುಬೇ ತಿಳಿಯದ ಬಾಲ್‌ಪಾಯಿಂಟ್ ಪೆಂಗ್ವಿನ್ನುಗಳೂ ಇಲ್ಲಿವೆ. ನಮ್ಮ ಮನೆಯ ಮಕ್ಕಳಿಗೆ ಈ ಪೆಂಗ್ವಿನ್ನುಗಳ ಮೇಲೆ ವಿಶೇಷ ಮಮತೆ. ಹೋಮ್‌ವರ್ಕ್ ಮಾಡಿಸಲು ಒಂದನ್ನು ಸಾಕಿಕೊಳ್ಳಬಹುದೆಂಬ ಲೆಕ್ಕಾಚಾರ ಅದರ ಹಿಂದಿದೆ.

ಕವಿ ಪದವನ್ನು ಕತ್ತರಿಸಿ ಜೋಡಿಸುತ್ತಾನೆ, ಕಲಾವಿದೆ ಕಾಗದವನ್ನು ಕತ್ತರಿಸಿ ಜೋಡಿಸುತ್ತಾಳೆ. ಪುಸ್ತಕದ ಸೊಗಸೆಲ್ಲ ಈ ಸಾಮ್ಯದಲ್ಲಿದೆ. ಇದೇ ಪದ್ಯಗಳಿಗೆ ಯಾರಾದರೂ ಜಲವರ್ಣದಲ್ಲಿ ಚಿತ್ರ ಬರೆದಿದ್ದರೆ ಆನೆಯ ಮುಖದಿಂದ ಕೊಡೆ ನಯವಾಗಿ ಬೆಳೆದು ಬಂದಂತೆ ಕಾಣುತ್ತಿತ್ತು, ಎರಡರ ನಡುವಿನ ಗೆರೆ ಅಳಿಸಿಹೋಗುತ್ತಿತ್ತು. ಆಗ ಅದು ಕೇವಲ ಒಂದು ವಿಚಿತ್ರ ಪ್ರಾಣಿಯಾಗಿ ಉಳಿಯುತ್ತಿತ್ತು. ಬರ್ಗರ್ ಅವರು ಹಳೆಯ ಕ್ಯಾಟಲಾಗು, ಪತ್ರ, ರಸೀದಿ, ಟಿಕೆಟಿನ ತುಂಡು ಮುಂತಾದ, ಒಮ್ಮೆ ಬಳಕೆಯಾಗಿ ಮೂಲೆಗೆ ಬಿದ್ದ ಕಾಗದಗಳನ್ನು ಕೂಡಿಟ್ಟುಕೊಂಡು ಅವುಗಳಿಂದಲೇ ಚಿತ್ರ ಕಟ್ಟುವವರು. ಅಲ್ಲಿ ಅಂಚು ಅಂಚಾಗಿಯೇ ಉಳಿಯುತ್ತದೆ. ಎಲ್ಲಿ ಪ್ರಾಣಿ ಮುಗಿದು ಎಲ್ಲಿ ವಸ್ತು ತೊಡಗಿತು ಎಂಬುದನ್ನು ಮಗು ಬೆರಳಿಟ್ಟು ತೋರಿಸಬಹುದು. ಪದದಲ್ಲಿ ಆ ಬೆಸುಗೆಯ ಜಾಗ ಎಲ್ಲಿದೆಯೆಂದು ಹುಡುಕುವುದಕ್ಕೂ ಚಿತ್ರದಲ್ಲಿ ಅದನ್ನು ಹುಡುಕುವುದಕ್ಕೂ ಹೆಚ್ಚಿನ ಅಂತರವಿಲ್ಲ. ಅಕ್ಷರ ಕೂಡಿಸಿ ಓದಲು ಆಗತಾನೇ ಕಲಿಯುತ್ತಿರುವ ಮಗುವಿಗೆ ಇದಕ್ಕಿಂತ ಒಳ್ಳೆಯ ವ್ಯಾಕರಣ ಪಾಠ ದೊರಕುವುದು ಕಷ್ಟ, ಮತ್ತು ಅದು ಪಾಠವೆಂದು ಮಗುವಿಗೆ ಗೊತ್ತೇ ಆಗುವುದಿಲ್ಲ.

ಪ್ರೆಲಟ್ಸ್ಕಿ ಅವರ ಬದುಕಿನ ಒಂದು ಸಂಗತಿ ಇಲ್ಲಿ ಪ್ರಸ್ತುತವಾಗಿದೆ. 1940ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಅವರು ಮೊದಲು ಹೊರಟದ್ದು ಕಾಲ್ಪನಿಕ ಪ್ರಾಣಿಗಳ ಚಿತ್ರ ಬರೆಯಲು. ಆ ಚಿತ್ರಗಳ ಜೊತೆಗಿರಲೆಂದು ಸುಮ್ಮನೆ ಕೆಲವು ಪದ್ಯಗಳನ್ನು ಹೊಸೆದರು. ಸ್ನೇಹಿತರ ಒತ್ತಾಯದಿಂದ ಅವನ್ನು ಪ್ರಕಾಶನ ಸಂಸ್ಥೆಗೆ ಒಯ್ದಾಗ, ಸಂಪಾದಕಿ ಸೂಸನ್ ಹರ್ಷ್‌ಮನ್ ಅವರಿಗೆ ಹಿಡಿಸಿದ್ದು ಚಿತ್ರಗಳಲ್ಲ, ಪದ್ಯಗಳು. ಮೊದಲ ಪುಸ್ತಕ 1967ರಲ್ಲಿ ಬಂತು. ಸುಮಾರು ನಾಲ್ಕು ದಶಕಗಳ ನಂತರ, ಈ ಕೊಡೆಯಾನೆಯ ಪುಸ್ತಕ ಬಂದ 2006ರಲ್ಲಿಯೇ, ಅಮೆರಿಕದ ಪೊಯಟ್ರಿ ಫೌಂಡೇಶನ್ ಅವರನ್ನು ಮಕ್ಕಳ ಮೊದಲ ಆಸ್ಥಾನಕವಿಯೆಂದು ಹೆಸರಿಸಿತು. ಚಿತ್ರಕಾರನಾಗಲು ಹೊರಟು ಕವಿಯಾದವನ ಪದ್ಯಗಳಲ್ಲಿ ಕಣ್ಣಿಗೆ ಕಟ್ಟುವ ಗುಣ ಇರುವುದು ಸಹಜವೇ. 2002ರಲ್ಲಿ ಅವರು ಹಣ್ಣು ತರಕಾರಿಗಳನ್ನು ಪ್ರಾಣಿಗಳೊಂದಿಗೆ ಬೆರೆಸಿ ‘ಸ್ಕ್ರಾನಿಮಲ್ಸ್’ ಎಂಬ ಪುಸ್ತಕ ತಂದಿದ್ದರು. ಅದರ ಚಿತ್ರಗಳು ಪೀಟರ್ ಸಿಸ್ ಅವರ ರೇಖಾಚಿತ್ರಗಳು, ಅಲ್ಲಿ ಕತ್ತರಿಯ ಆಟವಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಬರ್ಗರ್ ಅವರು ಸೇರಿಸಿದ್ದೇನು ಎಂಬುದು ತಾನಾಗಿಯೇ ತಿಳಿಯುತ್ತದೆ.

ಈಗ ಕಷ್ಟದ ಮಾತಿಗೆ ಬರಬೇಕು. ಈ ಪುಸ್ತಕದ ನಗು ಇಂಗ್ಲಿಷಿನ ಒಳಗಿದೆ. ಪ್ಯಾಂಥರ್ ಎಂದರೇನೆಂದು ಗೊತ್ತಿಲ್ಲದ, ಥರ್ಮಾಮೀಟರ್ ಎಂಬ ಪದವನ್ನು ಜ್ವರ ಬಂದಾಗ ಮಾತ್ರ ಕೇಳಿರುವ ಮಗುವಿಗೆ ಎರಡೂ ಪದಗಳನ್ನು ಮೊದಲು ವಿವರಿಸಿ, ಆಮೇಲೆ ಅವು ಸೇರಿದ್ದನ್ನು ತೋರಿಸಿ, ಕೊನೆಗೆ ಈಗ ನಗು ಎನ್ನಬೇಕಾಗುತ್ತದೆ. ವಿವರಿಸಿದ ಹಾಸ್ಯದ ಗತಿ ಏನೆಂಬುದು ಎಲ್ಲರಿಗೂ ಗೊತ್ತು. ಟೋಸ್ಟರ್ ನಮ್ಮ ಅಡುಗೆಮನೆಯಲ್ಲಿ ಇಲ್ಲ, ಬ್ರೆಡ್ಡನ್ನು ನಾವು ಕಾವಲಿಯ ಮೇಲೆ ಸುಡುತ್ತೇವೆ. ಆದ್ದರಿಂದ ಕಪ್ಪೆಯಿಂದ ಬ್ರೆಡ್ಡು ಚಿಮ್ಮುವ ತಮಾಷೆ ಅರ್ಧಕ್ಕೇ ನಿಂತುಹೋಯಿತು. ನನ್ನ ಅಕ್ಕನ ಮಗಳಿಗೆ ಏಳು ವರ್ಷ, ಪಕ್ಕದ ಮನೆಯ ಹುಡುಗನಿಗೆ ಒಂಬತ್ತು; ಇಬ್ಬರೂ ಕನ್ನಡದಲ್ಲಿ ಯೋಚಿಸುವ ಮಕ್ಕಳು. ಮೊದಲ ಭಾನುವಾರ ಅವರು ಪದ್ಯಗಳನ್ನು ಸಹಿಸಿಕೊಂಡು ಚಿತ್ರಗಳನ್ನು ನೋಡಿದರು ಎನ್ನುವುದೇ ಪ್ರಾಮಾಣಿಕವಾದ ವರದಿ. ಆದರೂ ಕೊಡೆಯಾನೆ ಗೆದ್ದಿತು. ‘ಚಿಕ್ಕಮ್ಮಾ, ಸೊಂಡಿಲೇ ಕೊಡೆ ಆದ್ರೆ ಅದು ನೀರು ಕುಡಿಯೋದು ಹೇಗೆ?’ ಎಂದು ಹುಡುಗಿ ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಹುಡುಗ ಸ್ವಲ್ಪ ಹೊತ್ತು ಚಿತ್ರವನ್ನು ನೋಡಿ, ಕೊಡೆಯನ್ನು ತಲೆಕೆಳಗು ಹಿಡಿದರೆ ಮಳೆನೀರು ತಾನೇ ತುಂಬಿಕೊಳ್ಳುತ್ತದೆ ಎಂದ.

ಕೊಡೆಯಾನೆ ಎಂಬ ಹೆಸರು ಅಂದು ನಮ್ಮ ಬಾಯಿಗೆ ಹೇಗೆ ಬಂತೋ ತಿಳಿಯದು. ಆಮೇಲೆ ಯೋಚಿಸಿದಾಗ ಹೊಳೆದದ್ದು, ಕನ್ನಡದ ಆಗಮಸಂಧಿ ಈ ಕೆಲಸವನ್ನು ಯಾವ ಕತ್ತರಿಯೂ ಇಲ್ಲದೆ ಮಾಡಿಕೊಡುತ್ತದೆ: ಕೊಡೆ, ಆನೆ, ನಡುವೆ ಒಂದು ಯಕಾರ. ನೀರಾನೆ, ಕಡಲಕುದುರೆ ಎಂದು ನಾವು ಎಂದಿನಿಂದಲೂ ಪ್ರಾಣಿಗಳನ್ನು ಹೀಗೆಯೇ ಕರೆಯುತ್ತಿದ್ದೇವೆ. ಆದರೆ ಸಂಧಿ ಅಂಟಿಸುತ್ತದೆಯೇ ಹೊರತು ಹಾಗೆ ಹರಿದು ಹಾಕುವುದಿಲ್ಲ. ಪ್ರೆಲಟ್ಸ್ಕಿ ಅವರ ಪದಗಳಲ್ಲಿರುವ ತುಂಟತನ ಬರಬೇಕಾದರೆ ಒಂದು ಪದದ ಕೊನೆಯೂ ಇನ್ನೊಂದರ ಮೊದಲೂ ಒಂದೇ ಅಕ್ಷರವನ್ನು ಹಂಚಿಕೊಳ್ಳಬೇಕು. ಮಕ್ಕಳಿಗೆ ಈ ನಿಯಮವನ್ನು ಹೇಳಿದ್ದೇ ತಡ, ಪುಸ್ತಕ ಮೂಲೆಗೆ ಸರಿದು ಆಟ ತೊಡಗಿತು. ಚಮಚೆಯೂ ಚೇಳೂ ಕೂಡಿ ಚಮಚೇಳು. ಲೋಟವೂ ಟಗರೂ ಕೂಡಿ ಲೋಟಗರು. ಪೊರಕೆಯೂ ಕೆಂಬೂತವೂ ಕೂಡಿ ಪೊರಕೆಂಬೂತ. ಕೆಂಬೂತದ ಉದ್ದನೆಯ ಬಾಲವನ್ನು ಬಲ್ಲವರಿಗೆ ಇದರ ಔಚಿತ್ಯವನ್ನು ಹೇಳಬೇಕಾಗಿಲ್ಲ, ನವಿಲನ್ನು ನೋಡಿ ಗರಿ ಕೆದರಿದ ಅದರ ಹಳೆಯ ಅಪಖ್ಯಾತಿಗೆ ಈಗ ಅಂಗಳ ಗುಡಿಸುವ ಕೆಲಸವೂ ಸೇರಿತು. ಬೀಗವೂ ಗರುಡನೂ ಕೂಡಿ ಬೀಗರುಡ ಆದಾಗ ಒಳಗೆ ತರಕಾರಿ ಹೆಚ್ಚುತ್ತಿದ್ದ ನನ್ನ ತಾಯಿ ಜೋರಾಗಿ ನಕ್ಕರು. ಅವರ ಕಿವಿಗೆ ಬಿದ್ದದ್ದು ಗರುಡನಲ್ಲ, ಬೀಗರು. ಹೀಗೆ ನಗಿಸುವ ಶಕ್ತಿ ಪುಸ್ತಕದಿಂದಲೇ ಬಂದದ್ದು, ಆದ್ದರಿಂದ ಅದರ ಶ್ರೇಯಸ್ಸನ್ನು ಪುಸ್ತಕಕ್ಕೇ ಕೊಡಬೇಕು. ಇಂಗ್ಲಿಷಿನ ಪದ್ಯಗಳನ್ನು ಯಾರಾದರೂ ಸಾಲುಸಾಲಾಗಿ ಕನ್ನಡಕ್ಕೆ ತಂದರೆ ಅದು ವ್ಯರ್ಥಶ್ರಮ; ಅವುಗಳ ಉಪಾಯವನ್ನು ಮಾತ್ರ ತಂದರೆ ಸಾಕು.

ಮಿಶ್ರಪ್ರಾಣಿಗಳು ಕನ್ನಡದ ಮಗುವಿಗೆ ಪರಕೀಯವೂ ಅಲ್ಲ. ಸರ್ಕಾರದ ಲಾಂಛನದಲ್ಲಿ ಎರಡು ತಲೆಯ ಗಂಡಭೇರುಂಡವಿದೆ. ಬೇಲೂರು ಹಳೇಬೀಡುಗಳಿಗೆ ಶಾಲೆಯ ಪ್ರವಾಸ ಹೋದ ಮಕ್ಕಳು ಹಳೇಬೀಡಿನ ಗುಡಿಯ ಕೆಳಗಿನ ಪಟ್ಟಿಕೆಗಳಲ್ಲಿ ಆನೆಗಳ ಸಾಲು, ಕುದುರೆ ಸವಾರರ ಸಾಲು, ಹಂಸಗಳ ಸಾಲುಗಳ ಜೊತೆಗೆ ಮಕರದ ಸಾಲನ್ನೂ ನೋಡಿರುತ್ತಾರೆ. ಆನೆಯ ಸೊಂಡಿಲನ್ನೂ ನವಿಲಿನ ಬಾಲವನ್ನೂ ಒಂದೇ ಮೈಗೆ ಜೋಡಿಸಿದ ಆ ಶಿಲ್ಪಿಗೆ ಬರ್ಗರ್ ಅವರ ಮೇಜಿನ ಮೇಲಿನ ಕಾಗದದ ಚೂರುಗಳನ್ನು ತೋರಿಸಿದರೆ ಅವನಿಗೆ ಕೆಲಸ ಕೂಡಲೇ ಅರ್ಥವಾಗುತ್ತಿತ್ತು. ಆಕ್ಟೋಪಸ್ಸಿಗೆ ನಾವು ಅಷ್ಟಪದಿ ಎನ್ನುತ್ತೇವೆ. ಜಯದೇವ ಕವಿಯ ಅಷ್ಟಪದಿಗಳನ್ನು ಬಲ್ಲ ಹಿರಿಯರಿಗೆ ಗಡಿಯಾರ ಹೊತ್ತ ಅಷ್ಟಪದಿ ಎಂದಾಗ ಕಣ್ಣ ಮುಂದೆ ಬರುವ ಚಿತ್ರವೇ ಬೇರೆ. ಇಂಥ ಅಡ್ಡಮಾತುಗಳಿಗೆ ಎಡೆಗೊಡುವುದೂ ಒಂದು ಒಳ್ಳೆಯ ಮಕ್ಕಳ ಪುಸ್ತಕದ ಲಕ್ಷಣವೆಂದು ನಾನು ತಿಳಿದಿದ್ದೇನೆ.

ಪದ್ಯಗಳ ಲಯದ ಬಗ್ಗೆಯೂ ಒಂದು ಮಾತು ಹೇಳಬೇಕು. ಪ್ರೆಲಟ್ಸ್ಕಿ ಅವರು ಛಂದಸ್ಸಿನಲ್ಲಿ ಕಟ್ಟುನಿಟ್ಟು. ಸಾಲುಗಳು ತಟ್ಟಿದ ತಾಳಕ್ಕೆ ತಪ್ಪದೆ ಬೀಳುತ್ತವೆ, ಅಂತ್ಯಪ್ರಾಸ ಎಲ್ಲಿಯೂ ಸಡಿಲವಾಗುವುದಿಲ್ಲ. ಗಟ್ಟಿಯಾಗಿ ಓದಿದಾಗ ಅರ್ಥ ತಿಳಿಯದ ಮಗುವೂ ತೊಡೆಯ ಮೇಲೆ ತಾಳ ಹಾಕುತ್ತದೆ. ಆದರೆ ಪ್ರತಿ ಪದ್ಯದ ರಚನೆಯೂ ಹೆಚ್ಚುಕಡಿಮೆ ಒಂದೇ: ಇಗೋ ಈ ಪ್ರಾಣಿ, ಇದು ಹೀಗಿದೆ, ಇದು ಮಾಡುವುದು ಇದನ್ನು. ಏಳೆಂಟು ಪದ್ಯಗಳಾದ ಮೇಲೆ ಮುಂದಿನದು ಹೇಗೆ ಸಾಗುತ್ತದೆಂದು ಊಹಿಸಬಹುದು. ಒಂದೇ ಸಲಕ್ಕೆ ಕುಳಿತು ಪುಸ್ತಕವನ್ನು ಮುಗಿಸಬೇಡಿ, ರಾತ್ರಿಗೆ ಎರಡು ಪದ್ಯ ಸಾಕು.

ಎರಡನೆಯ ಪುಸ್ತಕ ಇದಕ್ಕಿಂತ ಹಳೆಯದು, ಹೆಸರಾಂತದ್ದು: 1989ರಲ್ಲಿ ಫಿಲೊಮೆಲ್ ಪ್ರಕಟಿಸಿದ ‘ಆ್ಯನಿಮಲ್ಸ್ ಆ್ಯನಿಮಲ್ಸ್’. ಎರಿಕ್ ಕಾರ್ಲ್ ಅವರ ಚಿತ್ರಗಳಿಗೆ ಹೊಂದುವಂತೆ ಹಲವು ನಾಡುಗಳ, ಹಲವು ಕಾಲಗಳ ಪ್ರಾಣಿಪದ್ಯಗಳನ್ನು ಲಾರಾ ವಿಪಲ್ ಅವರು ಆಯ್ದು ಕೂಡಿಸಿದ್ದಾರೆ. ಕಾರ್ಲ್ ಎಂದರೆ ಹಸಿದ ಕಂಬಳಿಹುಳುವಿನ ಪುಸ್ತಕದ ಕರ್ತೃ. 1969ರಲ್ಲಿ ಬಂದ ಆ ಪುಸ್ತಕ ಅರುವತ್ತಕ್ಕೂ ಹೆಚ್ಚು ಭಾಷೆಗಳಿಗೆ ಹೋಗಿದೆ. 1929ರಲ್ಲಿ ಅಮೆರಿಕದ ಸಿರಕ್ಯೂಸ್‌ನಲ್ಲಿ ಹುಟ್ಟಿ, ಆರನೆಯ ವಯಸ್ಸಿಗೆ ತಂದೆತಾಯಿಯರೊಂದಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗಿ, ಯುದ್ಧದ ಕಾಲವನ್ನು ಅಲ್ಲಿಯೇ ಕಳೆದು, 1952ರಲ್ಲಿ ನ್ಯೂಯಾರ್ಕಿಗೆ ಮರಳಿದವರು. ನಾಜಿಗಳು ನಿಷೇಧಿಸಿದ್ದ ಆಧುನಿಕ ಚಿತ್ರಗಳ ಪ್ರತಿಗಳನ್ನು ಅವರ ಚಿತ್ರಕಲೆಯ ಮೇಷ್ಟ್ರು ಗುಟ್ಟಾಗಿ ತೋರಿಸಿದ್ದರು. ಫ್ರಾಂಟ್ಸ್ ಮಾರ್ಕ್ ಎಂಬ ಚಿತ್ರಕಾರನ ನೀಲಿ ಕುದುರೆಯ ಋಣವನ್ನು ಕಾರ್ಲ್ ಅವರು ಇಳಿವಯಸ್ಸಿನಲ್ಲಿ, 2011ರಲ್ಲಿ, ಒಂದು ಪುಸ್ತಕವನ್ನೇ ಬರೆದು ತೀರಿಸಿದರು. ಪ್ರಾಣಿಯ ಬಣ್ಣ ಕಣ್ಣಿಗೆ ಕಂಡಂತೆಯೇ ಇರಬೇಕಾಗಿಲ್ಲ ಎಂಬ ಧೈರ್ಯ ಅವರ ಪುಟಗಳಲ್ಲೆಲ್ಲ ಇದೆ.

ಅವರ ವಿಧಾನವೂ ಬರ್ಗರ್ ಅವರದಕ್ಕಿಂತ ತೀರ ಭಿನ್ನ. ಕಾರ್ಲ್ ಸಿಕ್ಕಿದ ಕಾಗದವನ್ನು ಬಳಸುತ್ತಿರಲಿಲ್ಲ, ಕಾಗದವನ್ನು ತಾವೇ ತಯಾರಿಸಿಕೊಳ್ಳುತ್ತಿದ್ದರು. ತೆಳುವಾದ ಬಿಳಿಯ ಟಿಶ್ಯೂ ಕಾಗದಕ್ಕೆ ಅಕ್ರಿಲಿಕ್ ಬಣ್ಣವನ್ನು ಕುಂಚದಿಂದ, ಸ್ಪಂಜಿನಿಂದ, ಕೆಲವೊಮ್ಮೆ ರತ್ನಗಂಬಳಿಯ ತುಂಡಿನಿಂದಲೂ ಹಚ್ಚಿ, ಗೆರೆ, ಚುಕ್ಕೆ, ಅಲೆಗಳನ್ನು ಮೂಡಿಸಿ, ಒಣಗಿಸಿ, ಬಣ್ಣಕ್ಕೊಂದರಂತೆ ಖಾನೆಗಳಲ್ಲಿ ಕೂಡಿಡುತ್ತಿದ್ದರು. ಚಿತ್ರ ಕಟ್ಟುವಾಗ ಆ ಹಾಳೆಗಳಿಂದ ಬೇಕಾದ ಆಕಾರಗಳನ್ನು ಹರಿತವಾದ ಚಾಕುವಿನಿಂದ ಕೊಯ್ದು, ಗೋಡೆಗೆ ಕಾಗದ ಹಚ್ಚುವ ಅಂಟಿನಿಂದ ದಪ್ಪ ಹಲಗೆಕಾಗದದ ಮೇಲೆ ಒಂದರ ಮೇಲೊಂದು ಅಂಟಿಸುತ್ತಿದ್ದರು. ಟಿಶ್ಯೂ ಅರೆಪಾರದರ್ಶಕವಾದ್ದರಿಂದ ಮೇಲಿನ ಪದರದೊಳಗಿಂದ ಕೆಳಗಿನ ಬಣ್ಣ ಇಣುಕುತ್ತದೆ. ಪ್ರಾಣಿಯ ಮೈಗೆ ತೊಗಲೂ ರೋಮವೂ ಬಂದಂತಾಗುವುದು ಇದರಿಂದ. ಅಚ್ಚಿನಲ್ಲಿಯೂ ಕುಂಚದ ಒಂದೊಂದು ಎಳೆ ಕಾಣುವಂತೆ ಮುದ್ರಿಸಿರುವುದು ಈ ಪುಸ್ತಕದ ಹೆಚ್ಚುಗಾರಿಕೆ. ದೊಡ್ಡ ಅಳತೆಯ ಎರಡು ಪುಟಗಳನ್ನು ಪೂರ್ತಿ ತೆರೆದಾಗ ಓದಲು ಬಾರದ ಮಗುವೂ ಪುಟದ ಮೇಲೆ ಕೈಯಾಡಿಸಿ ನೋಡುತ್ತದೆ, ಒರಟೋ ನುಣುಪೋ ಎಂದು.

ಇಲ್ಲಿ ಪದ್ಯಕ್ಕೂ ಚಿತ್ರಕ್ಕೂ ಇರುವ ಸಂಬಂಧ ಅಷ್ಟು ಬಿಗಿಯಾದದ್ದಲ್ಲ. ಎರಡೂ ಚೆನ್ನಾಗಿಯೇ ಇವೆ, ಆದರೆ ಒಂದನ್ನು ತೆಗೆದರೆ ಇನ್ನೊಂದಕ್ಕೆ ನಷ್ಟವಿಲ್ಲ. ಹೈಕುವಿನಂಥ ಮೂರು ಸಾಲಿನ ರಚನೆಗಳು ಕಾರ್ಲ್ ಅವರ ಬೃಹತ್ ಪ್ರಾಣಿಯ ಪಕ್ಕದಲ್ಲಿ, ದೊಡ್ಡ ಮದುವೆಮನೆಗೆ ಬಂದ ಸಂಕೋಚದ ನೆಂಟರಂತೆ, ಅಂಚಿನಲ್ಲಿ ನಿಂತಿವೆ. ಸಂಕಲನವಾದ್ದರಿಂದ ದನಿಗಳು ಬೇರೆಬೇರೆ. ತುಂಟ ಪದ್ಯದ ಹಿಂದೆಯೇ ಗಂಭೀರವಾದದ್ದೊಂದು ಬರುತ್ತದೆ, ಮಕ್ಕಳಿಗೆ ಮನಸ್ಸು ಹೊರಳಿಸಲು ಹೊತ್ತು ಬೇಕಾಗುತ್ತದೆ. ಆದರೆ ಕೊಡೆಯಾನೆಯ ಪುಸ್ತಕದಲ್ಲಿ ನಾನು ದೂರಿದ ಏಕತಾನತೆ ಇಲ್ಲಿಲ್ಲ ಎಂಬುದನ್ನೂ ಹೇಳಬೇಕು. ಇಂಗ್ಲಿಷ್ ಇನ್ನೂ ಕಿವಿಗೆ ಬೀಳದ ಮೂರು ನಾಲ್ಕು ವರ್ಷದ ಮಕ್ಕಳಿರುವ ಮನೆಗೆ ಇದೇ ಸರಿ, ಏಕೆಂದರೆ ಇದರ ಪ್ರಾಣಿಗಳಿಗೆ ಯಾವ ಭಾಷೆಯಲ್ಲಿಯಾದರೂ ಪದ್ಯ ಹೇಳಬಹುದು. ನಾವು ಎಷ್ಟೋ ಪುಟಗಳಿಗೆ ನಮಗೆ ಗೊತ್ತಿದ್ದ ಕನ್ನಡ ಶಿಶುಗೀತೆಗಳನ್ನೇ ಹಾಡಿ ಮುಂದೆ ಹೋದೆವು, ಪುಸ್ತಕ ಬೇಸರಪಟ್ಟುಕೊಳ್ಳಲಿಲ್ಲ.

ಮೂರನೆಯದು ‘ಸ್ಟಾರ್‌ಡೀನ್ಸ್’, 2013ರದು, ಮತ್ತೆ ಪ್ರೆಲಟ್ಸ್ಕಿ ಹಾಗೂ ಬರ್ಗರ್ ಜೋಡಿಯದು. ಇಲ್ಲಿ ಪ್ರಾಣಿಯೊಂದಿಗೆ ಬೆರೆಯುವುದು ಹೆಚ್ಚಾಗಿ ವಸ್ತುವಲ್ಲ, ಸ್ವಭಾವ: ಸದಾ ಯೋಜನೆ ಹಾಕುವ ಪಾಂಡಾ, ಕೊಳಕು ಮಾಡಿಕೊಂಡು ಕೂರುವ ನಳ್ಳಿ, ಅಳುವ ಕಾಡುಬೆಕ್ಕು. ಬರ್ಗರ್ ಅವರು ಚಪ್ಪಟೆಯಾದ ಚಿತ್ರವನ್ನು ಬಿಟ್ಟು, ವಸ್ತುಸಂಗ್ರಹಾಲಯದ ಪ್ರಾಣಿಮಾದರಿಗಳಂತೆ ಪೆಟ್ಟಿಗೆಗಳೊಳಗೆ ಕಾಗದದ ಆಕೃತಿಗಳನ್ನು ನಿಲ್ಲಿಸಿದ್ದಾರೆ. ಅವುಗಳ ಛಾಯಾಚಿತ್ರಗಳೇ ಪುಟಗಳ ಮೇಲಿವೆ, ನೆರಳುಗಳೂ ನಿಜವಾದ ನೆರಳುಗಳೇ. ಕೈಚಳಕ ಮೆಚ್ಚುವಂಥದ್ದು. ಆದರೆ ಗಾಜಿನ ಹಿಂದಿನ ವಸ್ತುವನ್ನು ನೋಡಿದಾಗ ಮಕ್ಕಳು ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಾರೆ, ಇಲ್ಲಿಯೂ ಹಾಗೆಯೇ ಆಯಿತು. ಕೊಡೆ ಕಣ್ಣಿಗೆ ಕಾಣುತ್ತದೆ, ಯೋಜನೆ ಹಾಕುವುದು ಕಾಣುವುದಿಲ್ಲ. ಚಿತ್ರದೊಳಗೆ ಹುಡುಕಿ ಪತ್ತೆಮಾಡಲು ಮಗುವಿಗೆ ಕಡಿಮೆ ಸಿಗುತ್ತದೆ. ಇದು ದೊಡ್ಡವರು ತಮಗಾಗಿ ಕೊಳ್ಳುವ ಮಕ್ಕಳ ಪುಸ್ತಕ. ನಮ್ಮ ಮಕ್ಕಳು ಇದರಿಂದ ಪಡೆದದ್ದು ಗೊಣಗಾಮೆ ಎಂಬ ಒಂದೇ ಪ್ರಾಣಿ, ಅದರ ಮೂಲ ಮಾದರಿ ನಮ್ಮ ಮನೆಯಲ್ಲಿಯೇ ಇರುವುದರಿಂದ ಹೆಸರು ಹೇಳುವುದಿಲ್ಲ.

ಕೊಳ್ಳುವವರಿಗೆ ಕೆಲವು ವಿವರಗಳು. ಗಟ್ಟಿ ರಟ್ಟಿನ ಆಮದು ಪುಸ್ತಕಗಳಾದ್ದರಿಂದ ಬೆಲೆ ಕನ್ನಡದ ಮಕ್ಕಳ ಪುಸ್ತಕಗಳ ಬೆಲೆಗೆ ಹೋಲಿಸುವಂಥದ್ದಲ್ಲ; ಹಳೆಯ ಪ್ರತಿ ಸಿಕ್ಕಿದರೆ ಸಂಕೋಚಪಡದೆ ಕೊಳ್ಳಬಹುದು, ಬರ್ಗರ್ ಅವರ ಹಳೆಯ ಕಾಗದಗಳಿಗೆ ಸ್ವಲ್ಪ ಹಳದಿ ಬಣ್ಣ ಕಳೆಯನ್ನೇ ಕೊಡುತ್ತದೆ. ನಾನು ಆನ್‌ಲೈನಿನಲ್ಲಿ ತರಿಸಿದ ಒಂದು ಪ್ರತಿ ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ಮೂಲೆ ಜಜ್ಜಿಕೊಂಡು ಬಂತು, ಬದಲಾಯಿಸಿಕೊಡಲು ಮೂರು ವಾರ ಹಿಡಿಯಿತು. ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸುವಂತೆ ಮೊದಲೇ ಕೇಳಿಕೊಳ್ಳುವುದು ಲೇಸು. ಒಂದೇ ಪುಸ್ತಕಕ್ಕೆ ಹಣವಿದ್ದು ಮಗು ಆರು ವರ್ಷ ದಾಟಿದ್ದರೆ ಕೊಡೆಯಾನೆಯನ್ನು ಕೊಳ್ಳಿ, ಅದಕ್ಕಿಂತ ಚಿಕ್ಕದಾದರೆ ಕಾರ್ಲ್ ಅವರದನ್ನು.

ಪುಸ್ತಕದ ಜೊತೆಗೆ ಮೊಂಡು ತುದಿಯ ಕತ್ತರಿಯೊಂದೂ ಮೈದಾಹಿಟ್ಟಿನ ಅಂಟೂ ಬೇಕಾಗುತ್ತವೆ. ಕಾಗದಕ್ಕೆ ಕನ್ನಡದ ಮನೆಗಳಲ್ಲಿ ಬರವಿಲ್ಲ: ಹಿಂದಿನ ತಿಂಗಳ ಕ್ಯಾಲೆಂಡರಿನ ಹಾಳೆ, ಬಸ್ಸಿನ ಟಿಕೆಟು, ರೇಷ್ಮೆ ಅಂಗಡಿಯ ಚೀಲ, ಅರಿಶಿನ ಹಚ್ಚಿದ ಲಗ್ನಪತ್ರಿಕೆ. ನಮ್ಮ ಮನೆಯ ಗೋಡೆಯ ಮೇಲೆ ಈಗಿರುವ ಚಮಚೇಳಿನ ಕೊಂಡಿಯನ್ನು ದಾಯಾದಿಯೊಬ್ಬರ ಮಗನ ಆಮಂತ್ರಣಪತ್ರಿಕೆಯ ಹೊಂಬಣ್ಣದ ಅಂಚಿನಿಂದ ಕತ್ತರಿಸಿದ್ದು. ಮುಹೂರ್ತದ ವೇಳೆ ಅದರ ಹಿಂಬದಿಯಲ್ಲಿಯೇ ಇದ್ದುದರಿಂದ, ಫೋನು ಮಾಡಿ ಇನ್ನೊಮ್ಮೆ ಕೇಳಿಕೊಳ್ಳಬೇಕಾಯಿತು.